ಮಾತು ಕೇಳದ ಕರ್ಸರ್: ಒಂದು ಟಚ್‌ಪ್ಯಾಡ್ ದೋಷದ ಪ್ರಕರಣ ಅಧ್ಯಯನ

ಕರಡು ತಿದ್ದುವ ಕೆಲಸ ಮಾಡುವ ಪರಿಚಿತರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲೆ ತಂದಿಟ್ಟಾಗ ಅವರ ದೂರು ಒಂದೇ ವಾಕ್ಯದಲ್ಲಿತ್ತು: "ಕರ್ಸರ್ ನನ್ನ ಮಾತು ಕೇಳುವುದಿಲ್ಲ." ಬಿಡಿಸಿ ಕೇಳಿದಾಗ ತಿಳಿದದ್ದು ಇಷ್ಟು. ಒಂದು ಪದದ ಮೇಲೆ ಕರ್ಸರನ್ನು ನಿಲ್ಲಿಸಲು ಹೋದರೆ ಅದು ಪರದೆಯ ಇನ್ನೊಂದು ಮೂಲೆಗೆ ನೆಗೆಯುತ್ತದೆ. ಕೆಲವೊಮ್ಮೆ ಕ್ಲಿಕ್ ಮಾಡದಿದ್ದರೂ ಕ್ಲಿಕ್ ಆಗುತ್ತದೆ. ಒಮ್ಮೆಯಂತೂ ಇಡೀ ಪ್ಯಾರಾ ತಾನಾಗಿ ಆಯ್ಕೆಗೊಂಡು, ಮುಂದೆ ಒತ್ತಿದ ಒಂದೇ ಅಕ್ಷರಕ್ಕೆ ಅಳಿಸಿಹೋಗಿತ್ತು. ಹಾಗೆಂದು ದಿನವಿಡೀ ಈ ಕಾಟವಿರಲಿಲ್ಲ. ಗಂಟೆಗಟ್ಟಲೆ ಎಲ್ಲವೂ ಸರಿಯಿದ್ದು, ಇದ್ದಕ್ಕಿದ್ದಂತೆ ಕೆಡುತ್ತಿತ್ತು. ಸದಾ ಕೆಟ್ಟಿರುವ ಟಚ್‌ಪ್ಯಾಡನ್ನು ಬದಲಿಸಿದರೆ ಮುಗಿಯಿತು. ಆಗಾಗ ಕೆಡುವುದು ಮಾತ್ರ ತಂತ್ರಜ್ಞನ ಎದುರು ತಪ್ಪದೆ ಸರಿಯಾಗಿ ನಡೆದುಕೊಳ್ಳುತ್ತದೆ.

ಯಂತ್ರಕ್ಕೆ ಐದು ವರ್ಷ ತುಂಬಿತ್ತು. ಅಲ್ಯೂಮಿನಿಯಂ ಕವಚ, ಪ್ರತ್ಯೇಕ ಗುಂಡಿಗಳಿಲ್ಲದ ಗಾಜಿನ ಟಚ್‌ಪ್ಯಾಡ್, ಅಂಗೈ ಊರುವ ಜಾಗದ ಕೆಳಗೆ ಒಳಗೇ ಕೂರಿಸಿದ ಬ್ಯಾಟರಿ. ಸ್ಪರ್ಶಪರದೆ ಇರಲಿಲ್ಲ. ಇದು ತನಿಖೆಗೆ ಅನುಕೂಲವಾಯಿತು, ಏಕೆಂದರೆ ಸ್ಪರ್ಶಪರದೆ ಕೆಟ್ಟಾಗಲೂ ಕರ್ಸರ್ ಇದೇ ರೀತಿ ನೆಗೆಯುವುದುಂಟು. ಅಂಥ ಯಂತ್ರಗಳಲ್ಲಿ ಮೊದಲು ಪರದೆಯ ಸ್ಪರ್ಶವನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ನಿಷ್ಕ್ರಿಯಗೊಳಿಸಿ ನೋಡದೆ ಟಚ್‌ಪ್ಯಾಡಿನ ಮೇಲೆ ಗೂಬೆ ಕೂರಿಸಬಾರದು.

ನನ್ನ ಬಳಿ ಬರುವ ಮೊದಲೇ ಅವರು ಆ್ಯಂಟಿವೈರಸ್ ಓಡಿಸಿದ್ದರು, ಯಾರೋ ದೂರದಿಂದ ತಮ್ಮ ಕಂಪ್ಯೂಟರನ್ನು ಹಿಡಿತಕ್ಕೆ ತೆಗೆದುಕೊಂಡಿದ್ದಾರೆಂಬ ಭಯದಿಂದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದ್ದರು, ಕೊನೆಗೆ ವಿಂಡೋಸನ್ನೇ ಹೊಸದಾಗಿ ಅನುಸ್ಥಾಪಿಸಿದ್ದರು. ಭಯ ಸಹಜವೇ. ಆದರೆ ಪರರ ಹಿಡಿತಕ್ಕೆ ಸಿಕ್ಕ ಕರ್ಸರ್ ಎಲ್ಲಿಗಾದರೂ ಗುರಿಯಿಟ್ಟು ಹೋಗುತ್ತದೆ: ಮೆನು ತೆರೆಯುತ್ತದೆ, ಕಡತ ಹುಡುಕುತ್ತದೆ. ಇಲ್ಲಿನದು ಗುರಿಯಿಲ್ಲದ ನೆಗೆತ, ಅದೂ ಬೆರಳು ಟಚ್‌ಪ್ಯಾಡಿನ ಮೇಲೆ ಇರುವಾಗಲೇ ಹೆಚ್ಚು.

ನಾನು ಅವರಿಗೆ ಹಚ್ಚಿದ ಮೊದಲ ಕೆಲಸ ಒಂದು ಹಾಳೆ ತುಂಬಿಸುವುದು. ಪ್ರತಿ ಸಲ ತೊಂದರೆಯಾದಾಗ ಸಮಯ, ಚಾರ್ಜರ್ ಹಾಕಿತ್ತೇ ಇಲ್ಲವೇ, ಲ್ಯಾಪ್‌ಟಾಪಿಗೆ ಬೇರೆ ಏನೇನು ಜೋಡಿಸಿತ್ತು, ಎಷ್ಟು ಹೊತ್ತಿನಿಂದ ಕೆಲಸ ನಡೆದಿತ್ತು, ನಿಖರವಾಗಿ ಏನಾಯಿತು ಎಂದು ತಮ್ಮದೇ ಮಾತಿನಲ್ಲಿ ಬರೆಯಬೇಕು. ಆರು ದಿನಗಳಲ್ಲಿ 23 ನಮೂದುಗಳಾದವು. ಅವುಗಳಲ್ಲಿ 19 ಚಾರ್ಜರ್ ಹಾಕಿದ್ದಾಗ, 4 ಹಾಕಿಲ್ಲದಿದ್ದಾಗ. ಹೊರಗಿನ ದೊಡ್ಡ ಮಾನಿಟರ್ ಜೋಡಿಸಿ ಕೂತ ಎರಡು ಮಧ್ಯಾಹ್ನಗಳಲ್ಲಿ, ಟಚ್‌ಪ್ಯಾಡನ್ನೇ ಬಳಸುತ್ತಿದ್ದರೂ, ಒಂದು ನಮೂದೂ ಇರಲಿಲ್ಲ. ಆ ನಾಲ್ಕನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. "ಬರೆಯುವಾಗ ತಪ್ಪಿರಬಹುದು" ಎಂದು ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಗೀಚಿದೆ. ಈ ಇಡೀ ಪ್ರಕರಣದಲ್ಲಿ ನನ್ನಿಂದಾದ ದೊಡ್ಡ ತಪ್ಪು ಆ ಗೀಚು.

ಮುಂದಿನ ಮಾತು ಅರ್ಥವಾಗಬೇಕಾದರೆ ಟಚ್‌ಪ್ಯಾಡ್ ಏನನ್ನು ಅಳೆಯುತ್ತದೆ ಎಂಬುದನ್ನು ತಿಳಿದಿರಬೇಕು. ಆಪಲ್ ಕಂಪನಿಯ ಪವರ್‌ಬುಕ್ 500 ಸರಣಿಯಲ್ಲಿ 1994ರಲ್ಲಿ ಬಂದ ಟಚ್‌ಪ್ಯಾಡಿಗೂ ಇಂದಿನದಕ್ಕೂ ಮೂಲತತ್ತ್ವ ಒಂದೇ: ಅದು ಒತ್ತಡವನ್ನಾಗಲಿ ಶಾಖವನ್ನಾಗಲಿ ಅಳೆಯುವುದಿಲ್ಲ, ಕೆಪಾಸಿಟನ್ಸ್ ಅನ್ನು, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯವನ್ನು, ಅಳೆಯುತ್ತದೆ. ಗಾಜಿನ ಕೆಳಗಿನ ಫಲಕದಲ್ಲಿ ತೆಳುವಾದ ಲೋಹದ ಗೆರೆಗಳು ಅಡ್ಡಕ್ಕೂ ಉದ್ದಕ್ಕೂ ಹರಡಿರುತ್ತವೆ, ಮತ್ತು ಅವು ಒಂದನ್ನೊಂದು ದಾಟುವ ಪ್ರತಿಯೊಂದು ಜಾಗವೂ ಒಂದು ಪುಟ್ಟ ಕೆಪಾಸಿಟರಿನಂತೆ ವರ್ತಿಸುತ್ತದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಕ್ಷೇತ್ರದ ಒಂದು ಪಾಲು ಬೆರಳಿನ ಕಡೆಗೆ ವಾಲುತ್ತದೆ, ದಾಟಿನ ಕೆಪಾಸಿಟನ್ಸ್ ಅಷ್ಟರಮಟ್ಟಿಗೆ ಇಳಿಯುತ್ತದೆ. ಇಳಿಕೆ ಒಂದು ಪಿಕೊಫ್ಯಾರಡ್‌ಗಿಂತಲೂ ಕಡಿಮೆ. ಫಲಕದ ಹಿಂದಿರುವ ಕಂಟ್ರೋಲರ್ ಚಿಪ್ ಈ ದಾಟುಗಳನ್ನೆಲ್ಲ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಬಾರಿ ಓದಿ, ಬೆರಳಿಲ್ಲದ ಸ್ಥಿತಿಯ ಮೂಲ ಅಳತೆಯ ಜೊತೆ ಹೋಲಿಸಿ, ಎಲ್ಲಿ ವ್ಯತ್ಯಾಸ ಹೆಚ್ಚಿದೆಯೋ ಅಲ್ಲಿ ಬೆರಳಿದೆ ಎಂದು ತೀರ್ಮಾನಿಸುತ್ತದೆ. ತಾಪಮಾನ, ತೇವಾಂಶ ಬದಲಾದಂತೆ ಆ ಮೂಲ ಅಳತೆಯನ್ನೂ ಅದು ನಿಧಾನವಾಗಿ ತಿದ್ದಿಕೊಳ್ಳುತ್ತಿರುತ್ತದೆ.

ಹೀಗಿರುವಾಗ ಇದನ್ನು ದಾರಿ ತಪ್ಪಿಸಲು ಬೆರಳೇ ಬೇಕೆಂದಿಲ್ಲ. ಒಂದು ಹನಿ ನೀರು ಅಥವಾ ಕೈಗೆ ಹಚ್ಚಿದ ಕ್ರೀಮ್ ಸಾಕು. ಅಳತೆಯ ಮಾರ್ಗದಲ್ಲಿ ಹೊರಗಿನಿಂದ ವಿದ್ಯುತ್ ಗದ್ದಲ ನುಸುಳಿದರೂ ಆಗುತ್ತದೆ. ಫಲಕ ಬಾಗಿ, ಕೆಳಗಿರುವ ಲೋಹಕ್ಕೂ ಅದಕ್ಕೂ ನಡುವಿನ ಅಂತರ ಕೂದಲೆಳೆಯಷ್ಟು ಬದಲಾದರೂ ಮೂಲ ಅಳತೆ ಏರುಪೇರಾಗುತ್ತದೆ. ನಮ್ಮ ಪ್ರಕರಣದಲ್ಲಿ ನೀರು, ಜಿಡ್ಡುಗಳ ಸಾಧ್ಯತೆ ಐದು ನಿಮಿಷದಲ್ಲಿ ತೀರಿತು: ಯಂತ್ರವನ್ನು ಆರಿಸಿ, ತುಸು ತೇವಮಾಡಿದ ಮೆತ್ತನೆಯ ಬಟ್ಟೆಯಿಂದ ಗಾಜನ್ನು ಒರೆಸಿ ಒಣಗಿಸಿದ ಮೇಲೂ ನೆಗೆತ ನಿಲ್ಲಲಿಲ್ಲ.

ತಂತ್ರಾಂಶದ ವಿಷಯಕ್ಕೆ ಬಂದರೆ, ಮೊದಲ ದಿನವೇ ಒಂದು ಎಡವಟ್ಟು ಮಾಡಿಕೊಂಡೆ. ಟಚ್‌ಪ್ಯಾಡ್ ಡ್ರೈವರನ್ನು ಹೊಸ ಆವೃತ್ತಿಗೆ ಏರಿಸಿದ ಬೆನ್ನಿಗೇ ಸೆಟ್ಟಿಂಗ್ಸ್‌ನಲ್ಲಿ ಅದರ ಸಂವೇದನೆಯನ್ನು ಕನಿಷ್ಠಕ್ಕೆ ಇಳಿಸಿದೆ. ನೆಗೆತ ಅರ್ಧಕ್ಕರ್ಧ ಕಡಿಮೆಯಾಯಿತು. ಎರಡರಲ್ಲಿ ಯಾವುದರಿಂದ ಎಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ, ಏಕೆಂದರೆ ಎರಡನ್ನೂ ಒಟ್ಟಿಗೆ ಬದಲಿಸಿದ್ದೆ. ಎರಡನ್ನೂ ಹಿಂದಕ್ಕೆ ತಂದು ಮತ್ತೆ ಒಂದೊಂದಾಗಿ ಪರೀಕ್ಷಿಸುವಷ್ಟರಲ್ಲಿ ಎರಡು ದಿನ ಹೋದವು. ಡ್ರೈವರ್‌ಗೂ ಇದಕ್ಕೂ ಸಂಬಂಧವಿರಲಿಲ್ಲ. ಸಂವೇದನೆ ಇಳಿಸಿದ್ದು ಕಾಯಿಲೆಯನ್ನು ಮುಟ್ಟದೆ, ಸಣ್ಣಪುಟ್ಟ ಸುಳ್ಳು ಸ್ಪರ್ಶಗಳನ್ನು ಕಡೆಗಣಿಸುವಂತೆ ಮಾಡಿತ್ತು, ಅಷ್ಟೆ.

ತಂತ್ರಾಂಶವನ್ನು ಪೂರ್ತಿಯಾಗಿ ಬದಿಗಿಡಲು ಯುಎಸ್‌ಬಿ ಡ್ರೈವ್‌ನಿಂದ ನೇರವಾಗಿ ಓಡುವ ಲಿನಕ್ಸ್ ಆವೃತ್ತಿಯೊಂದನ್ನು ಬಳಸಿದೆ. ಹಾರ್ಡ್‌ಡಿಸ್ಕ್‌ನಲ್ಲಿರುವ ವಿಂಡೋಸ್ ಆಗ ನಿದ್ದೆಯಲ್ಲಿರುತ್ತದೆ; ಅದರ ಡ್ರೈವರ್, ಅದರ ಸೆಟ್ಟಿಂಗ್ಸ್ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಚಾರ್ಜರ್ ಹಾಕಿದ ಸ್ವಲ್ಪ ಹೊತ್ತಿಗೆ ಅಲ್ಲಿಯೂ ಕರ್ಸರ್ ನೆಗೆಯಿತು, ಮತ್ತು ಲಿಬ್‌ಇನ್‌ಪುಟ್ ಎಂಬ ಅಲ್ಲಿನ ವ್ಯವಸ್ಥೆ, ಸ್ಪರ್ಶವು ಅಸಹಜವಾಗಿ ಜಿಗಿದಿದ್ದರಿಂದ ಅದನ್ನು ತಿರಸ್ಕರಿಸಲಾಗಿದೆ ಎಂಬ ಎಚ್ಚರಿಕೆಯನ್ನು ದಾಖಲಿಸಿತು. ಇವ್‌ಟೆಸ್ಟ್ ಎಂಬ ಇನ್ನೊಂದು ಪುಟ್ಟ ಉಪಕರಣದಲ್ಲಿ ಫಲಕ ಕಳುಹಿಸುವ ಪ್ರತಿಯೊಂದು ಸುದ್ದಿಯೂ ಸಾಲುಸಾಲಾಗಿ ಹರಿಯುತ್ತದೆ. ಒಂದೇ ಬೆರಳನ್ನು ಅಲುಗಾಡಿಸದೆ ಫಲಕದ ನಡುವೆ ಇಟ್ಟು ನೋಡುತ್ತ ಕುಳಿತೆ. ಬೆರಳಿನ ನಿರ್ದೇಶಾಂಕಗಳು ಮೊದಲು ಒಂದೆರಡು ಅಂಕೆಗಳಷ್ಟು ನಡುಗಿದವು, ಬಳಿಕ ಫಲಕದ ಬಲ ಅಂಚಿನಲ್ಲಿ ಎರಡನೆಯ ಬೆರಳೊಂದು ಹುಟ್ಟಿಕೊಂಡಿತು, ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಮಾಯವಾಯಿತು. ಇಲ್ಲದ ಬೆರಳಿಗೂ ಕಂಟ್ರೋಲರ್ ಒಂದು ಗುರುತಿನ ಸಂಖ್ಯೆ ಕೊಟ್ಟಿತ್ತು. ಕಾರ್ಯಾಚರಣೆ ವ್ಯವಸ್ಥೆ ಯಾವುದೇ ಇರಲಿ, ಸುಳ್ಳು ಹುಟ್ಟುತ್ತಿದ್ದದ್ದು ಫಲಕದಲ್ಲೇ ಎಂಬುದು ಇದರಿಂದ ಇತ್ಯರ್ಥವಾಯಿತು.

ಚಾರ್ಜರನ್ನು ಕಿತ್ತರೆ ನಿರ್ದೇಶಾಂಕಗಳ ನಡುಕ ತಕ್ಷಣ ನಿಲ್ಲುತ್ತಿತ್ತು, ಹಾಕಿದರೆ ಮತ್ತೆ ಶುರುವಾಗುತ್ತಿತ್ತು. ಅದರ ಜೊತೆಗೆ ಇನ್ನೊಂದನ್ನು ಗಮನಿಸಿದೆ. ಚಾರ್ಜರ್ ಹಾಕಿರುವಾಗ ಅಲ್ಯೂಮಿನಿಯಂ ಕವಚದ ಮೇಲೆ ಬೆರಳಿನ ಹಿಂಬದಿಯನ್ನು ಹಗುರವಾಗಿ ಸವರಿದರೆ ನುಣುಪಾದ ಲೋಹ ಒರಟಾದಂತೆ, ಒಳಗೊಳಗೇ ಗುರುಗುಟ್ಟಿದಂತೆ ಅನಿಸುತ್ತಿತ್ತು. ಕೇಳಿದಾಗ ಅವರೆಂದರು: "ಅದು ಮೊದಲಿನಿಂದಲೂ ಹಾಗೇ ಇದೆಯಲ್ಲ, ಲೋಹದ ಲ್ಯಾಪ್‌ಟಾಪ್‌ಗಳೆಲ್ಲ ಹೀಗೇ ಅಂದುಕೊಂಡಿದ್ದೆ." ಎಡಗೈಯನ್ನು ಕವಚದ ಮೇಲೆ ಗಟ್ಟಿಯಾಗಿ ಊರಿ, ಬಲಗೈ ಬೆರಳಿನಿಂದ ಟಚ್‌ಪ್ಯಾಡ್ ಬಳಸಿದರೆ ನೆಗೆತ ಬಹುಮಟ್ಟಿಗೆ ಅಡಗುತ್ತಿತ್ತು.

ಈ ಎರಡೂ ಲಕ್ಷಣಗಳು ಬೊಟ್ಟುಮಾಡುವುದು ಅರ್ಥಿಂಗ್ ಕಡೆಗೆ, ಅಂದರೆ ಸೋರುವ ವಿದ್ಯುತ್ತನ್ನು ನೆಲಕ್ಕೆ ಒಯ್ಯುವ ತಂತಿಯ ಜೋಡಣೆಯ ಕಡೆಗೆ. ಲ್ಯಾಪ್‌ಟಾಪ್ ಅಡಾಪ್ಟರ್‌ಗಳು ವಿದ್ಯುತ್ತನ್ನು ಅತಿ ವೇಗದಲ್ಲಿ ಆರಿಸಿ ಹೊತ್ತಿಸಿ ವೋಲ್ಟೇಜನ್ನು ಇಳಿಸುವಂಥವು. ಹಾಗೆ ಹುಟ್ಟುವ ಗದ್ದಲ ಹೊರಗೆ ಹರಡದಂತೆ ತಡೆಯಲು ಅವುಗಳೊಳಗೆ ಚಿಕ್ಕ ಕೆಪಾಸಿಟರ್‌ಗಳಿರುತ್ತವೆ. ಮೂರು ಪಿನ್ನಿನ ಅಡಾಪ್ಟರ್‌ಗಳಲ್ಲಿ ಅವು ಫೇಸ್ ಮತ್ತು ನ್ಯೂಟ್ರಲ್ ತಂತಿಗಳಿಂದ ಅರ್ಥ್ ತಂತಿಗೆ ಜೋಡಣೆಗೊಂಡಿರುತ್ತವೆ. ಅರ್ಥ್ ಸರಿಯಿದ್ದಾಗ ಗದ್ದಲವೆಲ್ಲ ಸದ್ದಿಲ್ಲದೆ ನೆಲ ಸೇರುತ್ತದೆ. ಅರ್ಥ್ ತಪ್ಪಿದರೆ ಅದೇ ಕೆಪಾಸಿಟರ್‌ಗಳು ಪೂರೈಕೆಯ ವೋಲ್ಟೇಜನ್ನು ಎರಡು ಪಾಲು ಮಾಡಿ, ಲ್ಯಾಪ್‌ಟಾಪಿನ ಕವಚವನ್ನು ಸರಿಸುಮಾರು ನಡುವಿನ ಮಟ್ಟಕ್ಕೆ ಏರಿಸಿಬಿಡುತ್ತವೆ: ಪೂರೈಕೆ 230 ವೋಲ್ಟ್ ಇದ್ದರೆ ಕವಚ 115ರ ಆಸುಪಾಸಿನಲ್ಲಿ ತೇಲುತ್ತದೆ. ಹರಿಯಬಲ್ಲ ಪ್ರವಾಹ ಅತ್ಯಲ್ಪವಾದ್ದರಿಂದ ಸಾಮಾನ್ಯವಾಗಿ ಅದು ಜುಮ್ಮೆನ್ನುವಷ್ಟಕ್ಕೇ ನಿಲ್ಲುತ್ತದೆ. ಆದರೆ ಪಿಕೊಫ್ಯಾರಡ್‌ನ ಚೂರುಗಳನ್ನು ಎಣಿಸುವ ಟಚ್‌ಪ್ಯಾಡಿಗೆ ಇದು ದೊಡ್ಡ ವಿಪತ್ತು. ಇಡೀ ಯಂತ್ರ ಅಡಾಪ್ಟರಿನ ಗದ್ದಲದ ಜೊತೆ ಮೇಲೆ ಕೆಳಗೆ ಅಲುಗುತ್ತಿರುವಾಗ ನೆಲದ ಮಟ್ಟದಲ್ಲಿರುವ ನಮ್ಮ ಬೆರಳು ಅದಕ್ಕೆ ಎದುರಾಗಿ ಅಲುಗುತ್ತಿರುವಂತೆ ಕಂಟ್ರೋಲರಿಗೆ ತೋರುತ್ತದೆ. ಇಲ್ಲಿ 50 ಹರ್ಟ್ಸ್‌ನ ಏರಿಳಿತಕ್ಕಿಂತ ಹೆಚ್ಚು ಕಾಡುವುದು ಅದರ ಮೇಲೇರಿ ಬರುವ ಹತ್ತಾರು, ನೂರಾರು ಕಿಲೊಹರ್ಟ್ಸ್‌ನ ಗದ್ದಲ, ಏಕೆಂದರೆ ಫಲಕ ತನ್ನ ಅಳತೆ ಮಾಡುವುದೂ ಹೆಚ್ಚುಕಡಿಮೆ ಅದೇ ವ್ಯಾಪ್ತಿಯಲ್ಲಿ. ಕೈಯನ್ನು ಕವಚಕ್ಕೆ ಊರಿದಾಗ ಮೈಯೂ ಯಂತ್ರದ ಜೊತೆಗೇ ಅಲುಗುತ್ತದೆ, ಎದುರಾಟ ಇಲ್ಲವಾಗುತ್ತದೆ, ಕರ್ಸರ್ ಸುಮ್ಮನಾಗುತ್ತದೆ.

ಮಲ್ಟಿಮೀಟರಿನಲ್ಲಿ ಕವಚಕ್ಕೂ ಗೋಡೆಯ ಸಾಕೆಟ್ಟಿನ ಅರ್ಥ್‌ಗೂ ನಡುವೆ ಅಳೆದಾಗ 104 ವೋಲ್ಟ್ ಎಸಿ ಕಂಡಿತು. ಅದೇ ಎರಡು ಬಿಂದುಗಳ ನಡುವೆ 100 ಕಿಲೊಓಮ್‌ನ ರೆಸಿಸ್ಟರ್ ಸೇರಿಸಿದೊಡನೆ 16ರ ಹತ್ತಿರಕ್ಕೆ ಕುಸಿಯಿತು. ಅಂದರೆ ಅಲ್ಲಿದ್ದ ಪ್ರವಾಹ ಮಿಲಿಆ್ಯಂಪಿಯರ್‌ನ ಆರನೆಯ ಒಂದು ಭಾಗದಷ್ಟು ಮಾತ್ರ. ಅಡಾಪ್ಟರಿನೊಳಗೆ ವಿದ್ಯುತ್ತನ್ನು ತಡೆಯುವ ಇನ್ಸುಲೇಷನ್ನೇ ಒಡೆದಿದ್ದರೆ ವೋಲ್ಟೇಜ್ ಹೀಗೆ ಕುಸಿಯುತ್ತಿರಲಿಲ್ಲ, ಮತ್ತು ನಾನು ಈ ಪ್ರಕರಣವನ್ನು ಟಚ್‌ಪ್ಯಾಡಿನದೆಂದು ಪರಿಗಣಿಸುವುದನ್ನು ಅಲ್ಲಿಗೇ ಬಿಟ್ಟು ಅಡಾಪ್ಟರನ್ನು ಕಸಕ್ಕೆ ಹಾಕಿಸುತ್ತಿದ್ದೆ. ಮುಖ್ಯ ವಿದ್ಯುತ್ತಿನ ಸಮೀಪದ ಈ ಅಳತೆಗಳು ಅಭ್ಯಾಸವಿಲ್ಲದವರು ಮಾಡುವಂಥವಲ್ಲ. ಚಾರ್ಜರ್ ಕಿತ್ತು ನೋಡುವುದು, ಕವಚದ ಮೇಲೆ ಕೈಯೂರಿ ನೋಡುವುದು ಇಷ್ಟರಿಂದಲೇ ಸಾಕಷ್ಟು ತಿಳಿಯುತ್ತದೆ.

ವಿಚಿತ್ರವೆಂದರೆ ಅಡಾಪ್ಟರಿನ ಪ್ಲಗ್ಗಿಗೆ ಮೂರು ಪಿನ್‌ಗಳಿದ್ದವು, ಅದನ್ನು ಚುಚ್ಚುತ್ತಿದ್ದ ಎಕ್ಸ್‌ಟೆನ್ಷನ್ ಬೋರ್ಡಿಗೂ ಮೂರು ತೂತುಗಳಿದ್ದವು. ಬೋರ್ಡನ್ನು ಗೋಡೆಯಿಂದ ಕಿತ್ತು, ಅದರ ಪ್ಲಗ್ಗಿನ ದಪ್ಪ ಪಿನ್ನಿನಿಂದ ಬೋರ್ಡಿನ ಅರ್ಥ್ ತೂತಿಗೆ ಮೀಟರಿನ ಕಡ್ಡಿಗಳನ್ನು ಹಿಡಿದೆ. ಬಜರ್ ಕೂಗಲಿಲ್ಲ, ಅಂದರೆ ನಡುವೆ ಎಲ್ಲೋ ಸಂಪರ್ಕ ಕಡಿದಿತ್ತು. ತೆರೆದು ನೋಡಿದರೆ ಅರ್ಥಿನ ಹಸಿರು ತಂತಿ ತನ್ನ ಸ್ಕ್ರೂವಿನಿಂದ ಜಾರಿ, ಎಳೆಗಳು ಕೆದರಿ, ಪ್ಲಾಸ್ಟಿಕ್ ಗೋಡೆಗೆ ಒರಗಿಕೊಂಡಿತ್ತು. ಹೊರಗಿನ ಮಾನಿಟರ್ ಜೋಡಿಸಿದಾಗ ತೊಂದರೆ ಏಕಿರಲಿಲ್ಲ ಎಂಬುದೂ ಆಗ ಬಗೆಹರಿಯಿತು. ಮಾನಿಟರಿನ ಪ್ಲಗ್ ನೇರವಾಗಿ ಗೋಡೆಯಲ್ಲಿತ್ತು. ಅದರ ಎಚ್‌ಡಿಎಂಐ ಕೇಬಲ್ಲಿನ ಲೋಹದ ಹೊದಿಕೆಯ ಮೂಲಕ ಲ್ಯಾಪ್‌ಟಾಪಿಗೆ ಬಳಸುದಾರಿಯ ಅರ್ಥಿಂಗ್ ಸಿಗುತ್ತಿತ್ತು.

ಹಸಿರು ತಂತಿಯನ್ನು ಮತ್ತೆ ಬಿಗಿದ ಮೇಲೆ, ಬೋರ್ಡಿನ ಮೂಲಕ ಐದು ಬಾರಿ, ಅರ್ಥ್ ಇಲ್ಲದ ಬೇರೊಂದು ಹಳೆಯ ಬೋರ್ಡಿನ ಮೂಲಕ ಐದು ಬಾರಿ ಚಾರ್ಜರ್ ಹಾಕಿ ಇವ್‌ಟೆಸ್ಟ್‌ನಲ್ಲಿ ನೋಡಿದೆ. ಮೊದಲನೆಯದರಲ್ಲಿ ಒಮ್ಮೆಯೂ ಸುಳ್ಳು ಬೆರಳು ಹುಟ್ಟಲಿಲ್ಲ, ಎರಡನೆಯದರಲ್ಲಿ ಪ್ರತಿ ಬಾರಿಯೂ ಹುಟ್ಟಿತು. ಸಂವೇದನೆಯನ್ನು ಮೊದಲಿನ ಮಟ್ಟಕ್ಕೆ ಏರಿಸಿ ಯಂತ್ರವನ್ನು ಮರಳಿಸಿದೆ. ಪ್ರಕರಣ ಮುಗಿಯಿತೆಂದೇ ಇಬ್ಬರೂ ತಿಳಿದೆವು.

ಮೂರು ವಾರಗಳ ನಂತರ ಅವರು ಮತ್ತೆ ಬಂದರು. ಈ ಬಾರಿ ಚಾರ್ಜರ್ ಹಾಕಿದ್ದರೂ ತೊಂದರೆ, ಹಾಕದಿದ್ದರೂ ತೊಂದರೆ. ಕವಚ ಜುಮ್ಮೆನ್ನುತ್ತಿರಲಿಲ್ಲ, ಅರ್ಥಿಂಗ್ ಸರಿಯಿತ್ತು. ಫಲಕದಿಂದ ಮದರ್‌ಬೋರ್ಡಿಗೆ ಹೋಗುವ ರಿಬ್ಬನ್ ಕೇಬಲ್ ಸಡಿಲವಾಗಿರಬಹುದೆಂದು ಊಹಿಸಿ ಯಂತ್ರವನ್ನು ತೆರೆದೆ. ಚಾರ್ಜರ್ ತೆಗೆದು, ಯಂತ್ರವನ್ನು ಪೂರ್ತಿ ಆರಿಸಿ, ಕೆಳಗಿನ ಮುಚ್ಚಳದ ಹತ್ತು ಸ್ಕ್ರೂಗಳನ್ನು ಬಿಚ್ಚಿದ ಮೇಲೆ ಮೊದಲು ಕಿತ್ತದ್ದು ಬ್ಯಾಟರಿಯ ಕನೆಕ್ಟರ್. ಅದು ಜೋಡಿಸಿರುವಾಗ ಬೇರೆ ಯಾವ ಕೇಬಲ್ಲನ್ನೂ ಮುಟ್ಟಬಾರದು. ರಿಬ್ಬನ್ ಕೇಬಲ್ಲಿನ ಕನೆಕ್ಟರಿಗೆ ಉಗುರಿನಿಂದ ಎತ್ತಬಹುದಾದ ಕಪ್ಪು ರೆಕ್ಕೆಯೊಂದಿರುತ್ತದೆ. ಅದನ್ನೆತ್ತದೆ ಎಳೆದರೆ ಕೇಬಲ್ ಅಥವಾ ಕನೆಕ್ಟರ್ ಹರಿಯುತ್ತದೆ. ಕೇಬಲ್ಲಿನ ತುದಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಆರಲು ಬಿಟ್ಟು, ನೇರವಾಗಿ ಕೂರಿಸಿ ರೆಕ್ಕೆ ಮುಚ್ಚಿದೆ. ಫಲಕವನ್ನು ಕವಚಕ್ಕೆ ಜೋಡಿಸುವ ಲೋಹದ ಅಂಟುಪಟ್ಟಿ ಜಾಗದಲ್ಲೇ ಇತ್ತು. ಬ್ಯಾಟರಿಯ ಮೇಲೆ ಕಣ್ಣು ಹಾಯಿಸಿದೆ. ಕಪ್ಪು ಹೊದಿಕೆ ಹರಿದಿರಲಿಲ್ಲ, ಸೋರಿರಲಿಲ್ಲ. ಮುಚ್ಚುವಾಗ ನಡುವಿನ ಒಂದು ಸ್ಕ್ರೂವಿನ ಥ್ರೆಡ್ ಸವೆದಿದ್ದುದರಿಂದ ಅದನ್ನು ಹಾಗೇ ಬಿಟ್ಟು ಒಂಬತ್ತನ್ನೇ ಬಿಗಿದೆ.

ಹನ್ನೆರಡು ದಿನ ಟಚ್‌ಪ್ಯಾಡ್ ಹೊಸದರಂತಿತ್ತು. ಕೇಬಲ್ ದೋಷ ಎಂದು ನನ್ನ ಪುಸ್ತಕದಲ್ಲಿ ಬರೆದೂ ಆಗಿತ್ತು. ಹದಿಮೂರನೆಯ ದಿನ, ಸ್ಕ್ರೂ ಇಲ್ಲದ ತೂತು ಕಣ್ಣಿಗೆ ಚುಚ್ಚುತ್ತದೆಂದು ಅವರು ಹೇಳಿದ್ದರಿಂದ ಸರಿಯಳತೆಯ ಹೊಸ ಸ್ಕ್ರೂ ತಂದು ಹಾಕಿದೆ. ಮರುದಿನ ಸಂಜೆಯೇ ಫೋನ್ ಬಂತು.

ಕೇಬಲ್ಲಿಗೂ ಆ ಸ್ಕ್ರೂಗೂ ಸಂಬಂಧವಿಲ್ಲ. ಕೇಬಲ್ ಇರುವುದು ಹಿಂಬದಿಯಲ್ಲಿ, ಸ್ಕ್ರೂ ಇರುವುದು ಅಂಗೈ ಊರುವ ಜಾಗದ ನಟ್ಟನಡುವೆ, ಬ್ಯಾಟರಿಯ ಎರಡು ಕೋಶಗಳ ಮಧ್ಯೆ. ಅದನ್ನು ಬಿಗಿದಾಗ ಬದಲಾಗುವುದು ಒಂದೇ: ಮುಚ್ಚಳ ಬ್ಯಾಟರಿಯನ್ನು ಮೇಲಕ್ಕೆ, ಅಂದರೆ ಟಚ್‌ಪ್ಯಾಡಿನ ಕಡೆಗೆ ಒತ್ತುವ ಬಲ. ಹಾಗಿದ್ದರೆ ಹನ್ನೆರಡು ದಿನದ ಆರೋಗ್ಯಕ್ಕೆ ಕಾರಣ ನನ್ನ ಆಲ್ಕೊಹಾಲ್ ಅಲ್ಲ, ನಾನು ಹಾಕದೆ ಬಿಟ್ಟ ಸ್ಕ್ರೂ.

ಹಳೆಯ ಹಾಳೆಯನ್ನು ತೆಗೆದು ನಾನು ಬದಿಗಿಟ್ಟಿದ್ದ ನಾಲ್ಕು ನಮೂದುಗಳನ್ನು ಓದಿದೆ. ಉಳಿದ ಹತ್ತೊಂಬತ್ತರಲ್ಲಿ "ನೆಗೆಯಿತು", "ಹಾರಿತು" ಎಂಬ ಮಾತುಗಳಿದ್ದರೆ ಈ ನಾಲ್ಕರಲ್ಲಿ "ಹಿಡಿದುಕೊಂಡಿತು", "ಎಳೆದುಕೊಂಡು ಹೋಯಿತು, ಬಿಡಲೇ ಇಲ್ಲ" ಎಂದಿತ್ತು. ನಾಲ್ಕೂ ಎರಡು ಗಂಟೆಗಿಂತ ಹೆಚ್ಚಿನ ಕೆಲಸದ ನಂತರ, ಯಂತ್ರ ಬಿಸಿಯಾದ ಮೇಲೆ ಆದವು. ಬರೆಯುವಾಗ ಅವರು ತಪ್ಪಿರಲಿಲ್ಲ. ಅದು ಬೇರೆಯದೇ ದೋಷ. ಮೊದಲಿನಿಂದಲೂ ಜೊತೆಗಿತ್ತು, ಅರ್ಥಿಂಗ್‌ನ ಗದ್ದಲದಲ್ಲಿ ಕಾಣದೆ ಹೋಗಿತ್ತು. ಪ್ಯಾರಾ ಅಳಿಸಿಹೋದ ಘಟನೆಯೂ ಬಹುಶಃ ಈ ಗುಂಪಿನದೇ.

ಇವ್‌ಟೆಸ್ಟ್ ಈ ಭೇದವನ್ನು ಎತ್ತಿ ತೋರಿಸಿತು. ಯಂತ್ರವನ್ನು ಒಂದೂವರೆ ಗಂಟೆ ಭಾರವಾದ ಕೆಲಸಕ್ಕೆ ಹಚ್ಚಿ ಬಿಸಿ ಮಾಡಿ, ಫಲಕವನ್ನು ಮುಟ್ಟದೆ ಕಾದೆ. ಬೆರಳೇ ಇಲ್ಲದಿರುವಾಗ ಎಡಗುಂಡಿ ಒತ್ತಲ್ಪಟ್ಟಿದೆ ಎಂಬ ಸಾಲು ಬಂತು. ಬಿಟ್ಟ ಸುದ್ದಿ ಬಂದದ್ದು ಏಳು ಸೆಕೆಂಡುಗಳ ನಂತರ. ಇಂಥ ಟಚ್‌ಪ್ಯಾಡಿನಲ್ಲಿ ಇಡೀ ಗಾಜೇ ಗುಂಡಿ: ಮೇಲಂಚಿನಲ್ಲಿ ಕೀಲಿನಂತೆ ಬಾಗಿ, ಕೆಳಂಚಿನಲ್ಲಿ ಅಡಿಯಲ್ಲಿರುವ ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ಗಾಜು ಇಳಿಯಬೇಕಿಲ್ಲ, ಕೆಳಗಿನಿಂದ ಏನಾದರೂ ಮೇಲೇರಿ ಸ್ವಿಚ್ಚನ್ನು ತಳ್ಳಿದರೂ ಕ್ಲಿಕ್ ಆಗುತ್ತದೆ.

ಹೊರಗಿನಿಂದಲೇ ನೋಡಬಹುದಾದದ್ದನ್ನು ಆಗ ನೋಡಿದೆ; ಇದನ್ನು ಮೊದಲ ದಿನವೇ ನೋಡಬೇಕಿತ್ತು. ಸಪಾಟಾದ ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿದರೆ ಲ್ಯಾಪ್‌ಟಾಪ್ ತುಸು ತೂಗಾಡಿತು. ಅಂಗೈ ಊರುವ ಜಾಗದ ಮೇಲೆ ಸ್ಟೀಲ್ ಅಳತೆಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಹಿಡಿದಾಗ ಎರಡೂ ತುದಿಗಳ ಕೆಳಗೆ ಬೆಳಕಿನ ಗೆರೆ ಕಂಡಿತು, ನಡುವೆ ಕಾಣಲಿಲ್ಲ. ಟಚ್‌ಪ್ಯಾಡಿನ ಸುತ್ತಲಿನ ಸಂದಿನಲ್ಲಿ ಕಾಗದದ ತುಂಡೊಂದನ್ನು ನಿಲ್ಲಿಸಿ ಎಳೆಯುತ್ತ ಹೋದೆ. ಎಡಬದಿಯಲ್ಲಿ ಸಲೀಸಾಗಿ ಜಾರಿದ ಕಾಗದ ಬಲ ಕೆಳಮೂಲೆಯಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಗಾಜಿನ ಅಂಚು ಕವಚಕ್ಕಿಂತ ಉಗುರಿಗೆ ತಾಕುವಷ್ಟು ಮೇಲೆದ್ದಿತ್ತು. ಇಲ್ಲದ ಬೆರಳು ಹುಟ್ಟುತ್ತಿದ್ದದ್ದೂ ಬಲ ಅಂಚಿನಲ್ಲೇ ಎಂಬುದು ಆಗ ನೆನಪಾಯಿತು. ಬಾಗಿದ ಫಲಕದ ಆ ಭಾಗದಲ್ಲಿ ಮೂಲ ಅಳತೆ ಮೊದಲೇ ಅಂಚಿನಲ್ಲಿದ್ದು, ಹೊರಗಿನ ಗದ್ದಲ ಅಲ್ಲಿಯೇ ಮೊದಲು ಸುಳ್ಳು ಸ್ಪರ್ಶವಾಗಿ ಹೊಮ್ಮುತ್ತಿತ್ತೆಂದು ನನ್ನ ಅಂದಾಜು.

ಬ್ಯಾಟರಿ ಉಬ್ಬಿತ್ತು. ಲಿಥಿಯಂ ಅಯಾನ್ ಕೋಶಗಳಲ್ಲಿನ ದ್ರಾವಣ ಹಳತಾದಂತೆ, ಬಿಸಿಯಲ್ಲಿ, ಸದಾ ಪೂರ್ತಿ ತುಂಬಿದ ಸ್ಥಿತಿಯಲ್ಲಿ ಇಟ್ಟಾಗ ನಿಧಾನವಾಗಿ ಒಡೆದು ಇಂಗಾಲದ ಡೈಆಕ್ಸೈಡ್, ಇಂಗಾಲದ ಮೊನಾಕ್ಸೈಡ್, ಎಥಿಲೀನ್ ಮುಂತಾದ ಅನಿಲಗಳನ್ನು ಬಿಡುತ್ತದೆ. ಮೆತು ಚೀಲದಂಥ ಹೊದಿಕೆಯೊಳಗೆ ಅನಿಲಕ್ಕೆ ಹೋಗಲು ಜಾಗವಿಲ್ಲದ್ದರಿಂದ ಚೀಲ ದಿಂಬಾಗುತ್ತದೆ. ಬಿಸಿಯಾದಾಗ ಅನಿಲ ಹಿಗ್ಗುವುದರಿಂದ ಒತ್ತಡ ಹೆಚ್ಚುತ್ತದೆ, ತಣ್ಣಗಾದಾಗ ತುಸು ಇಳಿಯುತ್ತದೆ; ಬೆಳಗ್ಗೆ ಸರಿಯಿದ್ದ ಟಚ್‌ಪ್ಯಾಡ್ ಸಂಜೆ ಕೆಡುತ್ತಿದ್ದುದು ಹೀಗೆ. ನಾನು ಮೊದಲ ಬಾರಿ ತೆರೆದಾಗ ಉಬ್ಬು ಕಾಣದಿರಲು ಕಾರಣ, ಅದು ನನ್ನ ಕಡೆಗಿದ್ದ ಮುಖದಲ್ಲಿ ಕಡಿಮೆಯಿದ್ದು ಟಚ್‌ಪ್ಯಾಡಿನತ್ತ ತಿರುಗಿದ ಮುಖದಲ್ಲಿ ಹೆಚ್ಚಿತ್ತು. ಅಳತೆಪಟ್ಟಿ ಇಟ್ಟು ನೋಡಿದ್ದರೆ ಆಗಲೂ ತಿಳಿಯುತ್ತಿತ್ತೇನೋ, ಕಣ್ಣಳತೆಯನ್ನು ನಂಬಿದೆ. ವಿಂಡೋಸಿನ ಬ್ಯಾಟರಿ ವರದಿಯೂ ಸುಳಿವು ಕೊಟ್ಟಿರಲಿಲ್ಲ. ವಿನ್ಯಾಸದ ಸಾಮರ್ಥ್ಯ 52 ವ್ಯಾಟ್-ಅವರ್, ಈಗ ತುಂಬುವುದು 39. ಐದು ವರ್ಷದ ಬ್ಯಾಟರಿಗೆ ಇದು ಗಾಬರಿಪಡುವ ಅಂಕಿಯಲ್ಲ. ಸಾಮರ್ಥ್ಯದ ಲೆಕ್ಕವನ್ನು ಚಿಪ್ ಮಾಡುತ್ತದೆ, ಗಾತ್ರವನ್ನು ಅಳೆಯುವ ಸಾಧನ ಅದರೊಳಗೆ ಇಲ್ಲ.

ಇಲ್ಲಿಂದಾಚೆಗೆ ಇದು ಕರ್ಸರಿನ ಪ್ರಶ್ನೆಯಾಗಿ ಉಳಿಯಲಿಲ್ಲ. ಉಬ್ಬಿದ ಲಿಥಿಯಂ ಬ್ಯಾಟರಿ ತೂತಾದರೆ ಅಥವಾ ಮಡಚಿದರೆ ಒಳಗೆ ಷಾರ್ಟ್ ಆಗಿ, ತನ್ನ ಶಾಖದಿಂದಲೇ ತಾನು ಇನ್ನಷ್ಟು ಬಿಸಿಯಾಗುತ್ತ ಹೊತ್ತಿಕೊಳ್ಳಬಹುದು. ಆದ್ದರಿಂದ ಅದನ್ನು ಚುಚ್ಚಿ ಅನಿಲ ಬಿಡುವ, ಒತ್ತಿ ಸಪಾಟು ಮಾಡುವ, ಮತ್ತೆ ಚಾರ್ಜ್ ಮಾಡುವ ಯೋಚನೆಗಳನ್ನೆಲ್ಲ ಬಿಡಬೇಕು. ನಮ್ಮ ಪುಣ್ಯಕ್ಕೆ ಈ ಮಾದರಿಯಲ್ಲಿ ಬ್ಯಾಟರಿಯನ್ನು ಅಂಟಿಸಿರಲಿಲ್ಲ, ಸ್ಕ್ರೂಗಳಿಂದ ಹಿಡಿಸಿದ್ದರು. ಲೋಹದ ಸಲಕರಣೆ ತಾಕಿಸದೆ, ಪ್ಲಾಸ್ಟಿಕ್ ಪಟ್ಟಿಯಿಂದ ಅಂಚನ್ನು ಎತ್ತಿ ಹೊರತೆಗೆದೆ. ಅಂಟಿಸಿದ್ದರೆ ನಾನು ಅಲ್ಲಿಗೇ ನಿಲ್ಲಿಸಿ ತಯಾರಕರ ಸೇವಾಕೇಂದ್ರಕ್ಕೆ ಕಳುಹಿಸುತ್ತಿದ್ದೆ. ಮೇಜಿನ ಮೇಲೆ ಇಟ್ಟಾಗ ಅದು ತೊಟ್ಟಿಲಿನಂತೆ ಅತ್ತಿತ್ತ ತೂಗಿತು. ಉರಿಯುವ ವಸ್ತುಗಳಿಲ್ಲದ ಕಡೆ ಅದನ್ನಿರಿಸಿ, ಮರುದಿನ ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸಿದ್ದಾಯಿತು.

ಈ ಸಲ ತೀರ್ಮಾನಕ್ಕೆ ಬರುವ ಮುನ್ನ ಪರೀಕ್ಷೆಯನ್ನು ಎರಡೂ ದಿಕ್ಕಿನಿಂದ ಮಾಡಿದೆ. ಬ್ಯಾಟರಿ ಇಲ್ಲದೆ ಓಡದ ಲ್ಯಾಪ್‌ಟಾಪ್‌ಗಳೂ ಇವೆ. ಇದು ಅಡಾಪ್ಟರಿನ ಮೇಲೆಯೇ ಓಡಿತು. ಹತ್ತೂ ಸ್ಕ್ರೂಗಳನ್ನು ಬಿಗಿದು ಮೂರು ಗಂಟೆ ಬಿಸಿ ಮಾಡಿದರೂ ಒಂದೇ ಒಂದು ಸುಳ್ಳು ಕ್ಲಿಕ್ ಬರಲಿಲ್ಲ. ಬಳಿಕ ಖಾಲಿ ಜಾಗದಲ್ಲಿ, ಟಚ್‌ಪ್ಯಾಡಿನ ಬಲಭಾಗದ ಕೆಳಗೆ, ಉಬ್ಬಿದ ಕೋಶದಷ್ಟು ಎತ್ತರ ಬರುವಂತೆ ಮಡಚಿದ ರಟ್ಟನ್ನಿಟ್ಟು ಮುಚ್ಚಿದೆ. ಮುಚ್ಚಳ ಬಿಗಿದು ಯಂತ್ರ ಹೊತ್ತಿಸಿದ ನಾಲ್ಕೇ ನಿಮಿಷಕ್ಕೆ ಎಡಗುಂಡಿ ಒತ್ತಿಕೊಂಡಿತು. ರಟ್ಟನ್ನು ತೆಗೆದಾಗ ಬಿಟ್ಟುಕೊಂಡಿತು. ಫಲಕವೂ ಕೇಬಲ್ಲೂ ನಿರ್ದೋಷಿಗಳೆಂದು ಸಾಬೀತಾದ ಮೇಲೆ ಅದೇ ಭಾಗಸಂಖ್ಯೆಯ ಹೊಸ ಬ್ಯಾಟರಿ ತರಿಸಿ ಕೂರಿಸಿದೆವು.

ಅವರು ದಿನವಿಡೀ ಚಾರ್ಜರ್ ಹಾಕಿಯೇ ಕೆಲಸ ಮಾಡುವವರಾದ್ದರಿಂದ, ತಯಾರಕರೇ ಒದಗಿಸಿದ್ದ ಸೆಟ್ಟಿಂಗ್‌ನಲ್ಲಿ ಬ್ಯಾಟರಿ 80 ಶೇಕಡದಾಚೆಗೆ ತುಂಬದಂತೆ ಮಿತಿ ಹಾಕಿದೆ. ಎಕ್ಸ್‌ಟೆನ್ಷನ್ ಬೋರ್ಡನ್ನು ಬದಲಿಸಿಯೇ ಬಿಡಿ ಎಂದೆ. ಒಮ್ಮೆ ಜಾರಿದ ತಂತಿ ಇನ್ನೊಮ್ಮೆ ಜಾರೀತು.

ಹಾಳೆ ತುಂಬಿಸುವುದನ್ನು ಅವರು ನಿಲ್ಲಿಸಲಿಲ್ಲ. ಮೂರು ತಿಂಗಳ ನಂತರ ತಂದು ತೋರಿಸಿದಾಗ ಅದರಲ್ಲಿ ಎರಡು ನಮೂದುಗಳಿದ್ದವು, ಎರಡೂ ಬೆಳಗಿನ ಹೊತ್ತಿನವು, ಕರ್ಸರ್ ಕ್ಷಣಕಾಲ ತೊದಲಿದಂತೆ ಆದವು. ಪಕ್ಕದಲ್ಲಿ ಅವರೇ ಬರೆದಿದ್ದರು: "ಕೈ ತೊಳೆದು ಒರೆಸಿಕೊಳ್ಳದೆ ಬಂದು ಕೂತಿದ್ದೆ."